ಜೀಬ್ರಾ ಮನೆಅಳಿಯನಾಗಿ ಬಂದ ಮೇಲೆ

ನಮ್ಮ ದೊಡ್ಡಮ್ಮ ಯಾರ ಮುಖವನ್ನೂ ಮೊದಲು ನೋಡಿದವಳಲ್ಲ. ಬಾಗಿಲಿಗೆ ಯಾರೇ ಬರಲಿ, ಅವಳ ಕಣ್ಣು ನೇರವಾಗಿ ಪಾದಕ್ಕೆ ಹೋಗುತ್ತಿತ್ತು. ಅಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿದ ಮೇಲೆ, ಮನಸ್ಸಾದರೆ ತಲೆ ಎತ್ತುತ್ತಿದ್ದಳು. ಶಾಲೆಯ ಹೆಡ್‌ಮಾಸ್ತರರು ಒಮ್ಮೆ ಏನೋ ಕೇಳಲು ಬಂದವರು ಇನ್ನೂ ಬಾಯಿ ತೆರೆದಿರಲಿಲ್ಲ, “ಎಡಗಾಲು ಹೊರಗಡೆಗೆ ಸವೆದಿದೆ ಮೇಷ್ಟ್ರೇ. ಕುದುರೆ ಆಗಿದ್ರೆ ಇಲ್ಲೇ ನಿಲ್ಲಿಸ್ಕೊಂಡು ಅರ ಹಾಕಿ ಉಜ್ಜಿಬಿಡ್ತಿದ್ದೆ,” ಅಂದಳು. ಅವರು ಬಂದ ಕೆಲಸವನ್ನೇ ಮರೆತು ಹಾಗೇ ವಾಪಸಾದರು.

ಕುದುರೆಗೆ ಲಾಳ ಕಟ್ಟುವುದು ಅವಳ ಕಸುಬು. ನಮ್ಮ ಅಜ್ಜನದೂ ಅದೇ ಆಗಿತ್ತು. ಅಜ್ಜ ಕಸುಬನ್ನು ಮಗನಿಗೆ ಕಲಿಸಬೇಕೆಂದು ಬಹಳ ಒದ್ದಾಡಿದ. ಮಗನಿಗೆ ಕುದುರೆಯ ಮುಂಭಾಗದ ಬಗ್ಗೆ ತಕರಾರಿರಲಿಲ್ಲ. ಹಿಂಗಾಲು ಎತ್ತಿ ಹಿಡಿಯಬೇಕಾದ ದಿನ ಮಾತ್ರ ತಪ್ಪದೆ ಜ್ವರ ಬರುತ್ತಿತ್ತು. ಅಂಥ ಒಂದು ಜ್ವರದ ದಿನ ಹದಿಮೂರು ವರ್ಷದ ದೊಡ್ಡಮ್ಮ ತಾನಾಗಿಯೇ ಹೋಗಿ, ಲಂಗ ಮೇಲೆ ಕಟ್ಟಿ, ಒಂದು ದೊಡ್ಡ ಗಾಡಿಕುದುರೆಯ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳಂತೆ. ಕುದುರೆಯೂ ಅಜ್ಜನೂ ಒಟ್ಟಿಗೆ ತಿರುಗಿ ನೋಡಿದರಂತೆ. ಅಲ್ಲಿಂದ ಮುಂದೆ ಕುಲುಮೆ ಅವಳದಾಯಿತು. ಹದಿನೆಂಟಕ್ಕೆ ಒಂದು ಹೇಸರಗತ್ತೆ ಒದ್ದು ಎರಡು ಹಲ್ಲು ಹೋದವು. “ತಪ್ಪು ನನ್ದೇ. ಹೇಳ್ದೆ ಕೇಳ್ದೆ ಹಿಂದಿನಿಂದ ಹೋದೆ. ನನ್ನ ಹಿಂದಿನಿಂದ ಯಾರಾದ್ರೂ ಹಾಗೆ ಬಂದ್ರೆ ನಾನೂ ಒದೀತೀನಿ,” ಅನ್ನುತ್ತಿದ್ದಳು. ನಗುವಾಗ ಆ ಕಿಂಡಿ ಮುಚ್ಚಿಕೊಳ್ಳಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಲಿಲ್ಲ.

ಮದುವೆಯಾದದ್ದು ಬೋರ್ಡು ಬರೆಯುವವರನ್ನು. ನಮ್ಮ ದೊಡ್ಡಪ್ಪ ಮಾತು ಕಡಿಮೆ. ಅಂಗಡಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬರೆದು, ಬಾಯಲ್ಲಿ ಹೇಳುವುದಕ್ಕೆ ಅವರಲ್ಲಿ ಏನೂ ಉಳಿಯುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಕೇಳಿದವರಿಗೆ ದೊಡ್ಡಮ್ಮ, “ಇರೋ ಹನ್ನೊಂದಕ್ಕೇ ಹುಲ್ಲು ಸಾಲ್ತಾ ಇಲ್ಲ,” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹನ್ನೊಂದು ಅಂದರೆ ಹನ್ನೊಂದು ತಟ್ಟು ಕುದುರೆಗಳು. ಊರಿನ ದೊಡ್ಡ ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೊಳದ ಸುತ್ತ ಒಂದು ಸುತ್ತು ಹೋಗಿ ಬರುವುದು ಅವುಗಳ ಉದ್ಯೋಗ. ನಮ್ಮ ಮನೆ ಅವಳ ಮನೆಗೆ ಅಂಟಿಕೊಂಡೇ ಇತ್ತು. ಬಿಸಿ ಲಾಳ ಗೊರಸಿಗೆ ಒತ್ತಿದಾಗ ಏಳುವ ಸುಟ್ಟ ಕೂದಲಿನ ವಾಸನೆ ನಮ್ಮ ಮನೆಯ ಹಾಸಿಗೆ, ಪುಸ್ತಕ, ಬೆಳಗಿನ ಕಾಫಿ ಎಲ್ಲದರಲ್ಲೂ ಇರುತ್ತಿತ್ತು.

ಜೀಬ್ರಾ ಬಂದಾಗ ದೊಡ್ಡಮ್ಮನಿಗೆ ಐವತ್ತಮೂರು. ನಾನಾಗ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ.

ಊರಾಚೆ ಒಬ್ಬ ಶ್ರೀಮಂತರು ತಮ್ಮ ಹುಚ್ಚಿಗೆ ಕಟ್ಟಿಕೊಂಡಿದ್ದ ಒಂದು ಸಣ್ಣ ಮೃಗಾಲಯವಿತ್ತು. ಅವರು ಸತ್ತರು, ಮಕ್ಕಳಿಗೆ ಆ ಹುಚ್ಚು ಇರಲಿಲ್ಲ, ಮೃಗಾಲಯ ಮುಚ್ಚಿತು. ಹುಲಿಯನ್ನು, ಕರಡಿಯನ್ನು, ಕೊನೆಗೆ ಆಮೆಗಳನ್ನೂ ಯಾರ್ಯಾರೋ ಬಂದು ಕರೆದುಕೊಂಡು ಹೋದರು. ಒಂದು ಗಂಡು ಜೀಬ್ರಾ ಉಳಿಯಿತು. ಅದರ ಗೊರಸು ವರ್ಷಗಟ್ಟಲೆ ಕತ್ತರಿಸದೆ ಮುಂದಕ್ಕೆ ಬಾಗಿ, ಅದು ಚಪ್ಪಲಿ ಹಾಕಿಕೊಂಡಂತೆ ನಡೆಯುತ್ತಿತ್ತು. ಅಯ್ಯೋ ಪಾಪ ಅಂತ ಹತ್ತಿರ ಹೋದವರನ್ನು ಅದು ಕಚ್ಚುತ್ತಿತ್ತು. ಅಲ್ಲಿನ ಕಾವಲುಗಾರ ದೊಡ್ಡಮ್ಮನ ಹತ್ತಿರ ಬಂದು ಅತ್ತುಕೊಂಡ. ಅವಳು ಇಕ್ಕಳ, ಅರ, ಗೊರಸಿನ ಚಾಕು ತುಂಬಿಕೊಂಡು ಹೊರಟಳು. ಜೊತೆಗೆ ಊರಿನ ಪಶುವೈದ್ಯೆ ಇದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ, ದಪ್ಪ ಕನ್ನಡಕದ, ಮುಖ ನೋಡಿ ಮಾತು ತೂಗದ ಹುಡುಗಿ. ಇನ್ನೊಬ್ಬ ಕರೆಯದೆ ಬಂದವನು ದೊಡ್ಡಮ್ಮನ ತಮ್ಮ. ಅದೇ, ಜ್ವರದವನು.

ಈ ನಮ್ಮ ಸೋದರಮಾವನನ್ನು ಇಡೀ ಓಣಿ ಐಡಿಯಾ ಮಾವ ಎಂದೇ ಕರೆಯುತ್ತಿತ್ತು. ಒಂದು ಕಾಲದಲ್ಲಿ ಅವನು ಮೊಲ ಸಾಕಿದ್ದ. ಮೊಲಗಳು ಗೋಡೆಯಡಿ ತೋಡಿಕೊಂಡು ಪಕ್ಕದ ವಕೀಲರ ತೋಟಕ್ಕೆ ಹೋದವು, ವಕೀಲರು ಇವನನ್ನು ಕೋರ್ಟಿಗೆ ಎಳೆದರು. ಇನ್ನೊಮ್ಮೆ ಮಲ್ಲಿಗೆ ವಾಸನೆಯ ಸೊಳ್ಳೆಬತ್ತಿ ಮಾಡಿದ. ಆ ಪರಿಮಳಕ್ಕೆ ಮರುಳಾಗಿ ಪಕ್ಕದ ಬೀದಿಯ ಸೊಳ್ಳೆಗಳೂ ಬಂದವು. ಅಂಗೈಯಲ್ಲಿ ಆಕಾಶ ತೋರಿಸುವುದರಲ್ಲಿ ಅವನಿಗೆ ಸಮನಿರಲಿಲ್ಲ, ತೋರಿಸಿದ ಆಕಾಶವನ್ನು ಮೊದಲು ನಂಬುತ್ತಿದ್ದವನೂ ಅವನೇ.

ಡಾಕ್ಟರು ಮಂಪರಿನ ಸೂಜಿ ಚುಚ್ಚುವ ಮೊದಲೇ ಮಾವ ಬೇಲಿಯೊಳಗೆ ಕೈ ಹಾಕಿ, “ಪಾಪ, ಎಷ್ಟು ಸಾಧು ನೋಡಕ್ಕಾ,” ಅಂದ. ಜೀಬ್ರಾ ಅವನ ತೋಳು ಹಿಡಿದುಕೊಂಡಿತು. ಕುದುರೆ ಕಚ್ಚಿದರೆ ಕಚ್ಚಿ ಬಿಡುತ್ತದೆ, ಜೀಬ್ರಾ ಬಿಡುವುದಿಲ್ಲ. ಬಕೆಟ್ಟು ಬಕೆಟ್ಟು ನೀರು ಎರಚಿ ಬಿಡಿಸಬೇಕಾಯಿತು. ಆಮೇಲೆ ಮೂರು ಗಂಟೆ ಕೂತು ದೊಡ್ಡಮ್ಮ ನಾಲ್ಕೂ ಗೊರಸನ್ನು ಕೊರೆದು, ಅರ ಹಾಕಿ, ಮಟ್ಟ ಮಾಡಿದಳು. ಮಂಪರು ಇಳಿದು ಎದ್ದ ಪ್ರಾಣಿ ಒಂದು ಹೆಜ್ಜೆ ಇಟ್ಟಿತು, ನಿಂತಿತು, ಇನ್ನೊಂದು ಹೆಜ್ಜೆ ಇಟ್ಟಿತು. ಆಮೇಲೆ ಅಂಗಳದ ಸುತ್ತ ಓಡತೊಡಗಿತು. ದೊಡ್ಡಮ್ಮ ಬೇಲಿ ಹಿಡಿದುಕೊಂಡು ಅದು ಸುಸ್ತಾಗುವವರೆಗೆ ನೋಡುತ್ತಾ ನಿಂತಿದ್ದಳಂತೆ.

ಎರಡು ದಿನದ ಮೇಲೆ ಜೀಬ್ರಾ ನಮ್ಮ ಓಣಿಗೆ ಲಾರಿಯಲ್ಲಿ ಬಂತು. ಅಮ್ಮ ತಲೆ ಮೇಲೆ ಕೈ ಹೊತ್ತಳು. “ಅಕ್ಕ, ನಿನಗೆ ಬುದ್ಧಿ ಇದೆಯಾ? ಇದನ್ನ ಕಟ್ಕೊಂಡು ಏನ್ಮಾಡ್ತೀಯ?”

“ಆಮೆನೂ ಕೇಳೋರಿದ್ರು ಕಣೇ, ಇವನನ್ನ ಯಾರೂ ಕೇಳಲಿಲ್ಲ,” ಅಂದಳು ದೊಡ್ಡಮ್ಮ. “ಅಲ್ದೆ ತಮ್ಮನನ್ನ ಕಚ್ಚಿದಾಗಲೇ ಇವನು ನನಗೆ ಹಿಡಿಸ್ಬಿಟ್ಟ,” ಎಂದು ಸೇರಿಸಿದಳು.

ತೋಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಮಾವನಿಗೆ ಆ ಪಟ್ಟಿ ಬಿಚ್ಚುವ ಮೊದಲೇ ಐಡಿಯಾ ಬಂದಿತ್ತು. ಜೀಬ್ರಾವನ್ನು ಒಂದು ಹೆಣ್ಣು ತಟ್ಟಿನ ಜೊತೆ ಕೂಡಿಸುವುದು. ಪಟ್ಟೆ ಪಟ್ಟೆ ಮರಿ ಹುಟ್ಟುತ್ತದೆ. ಅದು ಅಮ್ಮನ ಹಾಗೆ ಸಾಧು, ಅಪ್ಪನ ಹಾಗೆ ಸುಂದರ. ಪಾರ್ಕಿನಲ್ಲಿ ಅದನ್ನು ಹತ್ತಲು ಮಕ್ಕಳು ಸಾಲುಗಟ್ಟುತ್ತಾರೆ. ದೊಡ್ಡಮ್ಮ ಮೊದಲು ನಕ್ಕಳು. ಆದರೆ ಅವಳ ತಲೆಗೂ ಹುಳ ಹೊಕ್ಕಿತು. ಅವಳ ಆಸೆ ಬೇರೆ. ಜೀಬ್ರಾದ ಗೊರಸು ಕಲ್ಲಿನಂಥದು, ಲಾಳವೇ ಬೇಡ ಎಂದು ಕೊರೆಯುವಾಗ ಅವಳ ಕೈಗೆ ಗೊತ್ತಾಗಿತ್ತು. ಅಂಥ ಗೊರಸಿನ ತಟ್ಟು ಹುಟ್ಟಿದರೆ ಹೇಗಿರಬಹುದು? ಲಾಳ ಕಟ್ಟುವವಳೊಬ್ಬಳು ಲಾಳ ಬೇಡದ ಕುದುರೆಯ ಕನಸು ಕಾಣುತ್ತಿದ್ದಾಳಲ್ಲ ಎಂದು ದೊಡ್ಡಪ್ಪ ಆ ವಾರ ಆಡಿದ ಒಂದೇ ಮಾತನ್ನು ಆಡಿದರು.

ಡಾಕ್ಟರು ಬಂದು ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಹರಡಿ ವಿವರಿಸಿದರು. “ಆಗತ್ತೆ. ಆಗಲ್ಲ ಅಂತೇನಿಲ್ಲ. ಗಂಡು ಜೀಬ್ರಾ, ಹೆಣ್ಣು ಕುದುರೆ, ಹೀಗಾದ್ರೆ ಸುಲಭ. ಹುಟ್ಟೋ ಮರಿಗೆ ಮುಂದೆ ಮರಿ ಆಗಲ್ಲ, ಹೇಸರಗತ್ತೆ ತರಾನೇ. ಪಟ್ಟೆ ಎಲ್ಲಿ ಬರತ್ತೆ, ಎಷ್ಟು ಬರತ್ತೆ ನನ್ನ ಕೇಳ್ಬೇಡಿ. ಸ್ವಭಾವ ಮಾತ್ರ ಅಪ್ಪಂದೇ ಅಂದ್ಕೊಂಡಿರಿ.”

“ಯಾವ ಹೆಣ್ಣು?” ಅಂತ ದೊಡ್ಡಮ್ಮ ಕೇಳಿದಳು. ಅವಳ ಮನಸ್ಸಿನಲ್ಲಿದ್ದದ್ದು ಗಟ್ಟಿಮುಟ್ಟಾದ ಒಂದು ಕಂದು ತಟ್ಟು. ಮಾವನಿಗೆ ಬಿಳಿಯದೇ ಬೇಕು. ಹನ್ನೊಂದರಲ್ಲಿ ಒಂದೇ ಬಿಳಿ. ಅದನ್ನು ಮಹಾರಾಣಿ ಎನ್ನುತ್ತಿದ್ದರು, ಅದೂ ಹಾಗೆಂದೇ ತಿಳಿದುಕೊಂಡಿತ್ತು.

“ಬಿಳಿ ಬೇಡ,” ಅಂದರು ಡಾಕ್ಟರು. “ಈ ಜಾತಿ ಬಿಳಿ ಕುದುರೆ ಹುಟ್ಟೋವಾಗ ಬಿಳಿ ಇರಲ್ಲ. ಬೆಳೀತಾ ಬೆಳೀತಾ ಬೆಳ್ಳಗಾಗತ್ತೆ. ಮರಿಗೂ ಅದೇ ಬಂದ್ರೆ ನಿಮ್ಮ ಪಟ್ಟೆನೂ ಅದ್ರ ಜೊತೆ ಹೋಗತ್ತೆ.”

“ಬೆಳ್ಳಗಾದಷ್ಟೂ ಒಳ್ಳೇದಲ್ವಾ ಡಾಕ್ಟ್ರೇ? ಕರೀ ಪಟ್ಟೆ ಇನ್ನೂ ಎದ್ದು ಕಾಣತ್ತೆ!”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮಾವನನ್ನು ನೋಡಿದರು. ದಿನಾ ದನಗಳ ಜೊತೆ ಮಾತಾಡಿ ಅಭ್ಯಾಸವಿದ್ದುದರಿಂದ ಅವರಿಗೆ ತಾಳ್ಮೆ ಇತ್ತು. ಇನ್ನೊಮ್ಮೆ ಹೇಳಿದರು. ಮಾವ ಇನ್ನೊಮ್ಮೆ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ತೀರ್ಮಾನವನ್ನು ಆ ಕಂದು ತಟ್ಟೇ ಮಾಡಿತು. ಜೀಬ್ರಾದ ವಾಸನೆ ಬಂದ ಕೂಡಲೇ ಅದು ಬೇಲಿ ಹಾರಿ, ಬೀದಿ ದಾಟಿ, ಅಂಚೆ ಕಚೇರಿಯೊಳಗೆ ಹೋಗಿ ಸಾಲಿನಲ್ಲಿ ನಿಂತುಬಿಟ್ಟಿತು. ಮಹಾರಾಣಿ ಹಾರಲಿಲ್ಲ. ಅವಳು ಜೀಬ್ರಾದ ಕಡೆ ಬೆನ್ನು ತಿರುಗಿಸಿ ಹುಲ್ಲು ತಿನ್ನುತ್ತಾ ನಿಂತಳು.

ಹೀಗೆ ಎರಡು ತಿಂಗಳು ಹೋಯಿತು. ನಡುವೆ ಒಂದು ಮರದ ಬೇಲಿ. ಆ ಕಡೆ ಜೀಬ್ರಾ, ಈ ಕಡೆ ಮಹಾರಾಣಿಯ ಹಿಂಭಾಗ. ಜೀಬ್ರಾ ಕುದುರೆಯ ಹಾಗೆ ಕೆನೆಯುವುದಿಲ್ಲ, ನಾಯಿಗೆ ನೆಗಡಿಯಾದಂತೆ ಬೊಗಳುತ್ತದೆ. ಅದು ಪ್ರೀತಿಯಿಂದ ಬೊಗಳಿದಾಗಲೆಲ್ಲ ಮಹಾರಾಣಿ ಬಾಲ ಬೀಸಿ ಅದರ ಮೂತಿಗೆ ಹೊಡೆಯುತ್ತಿದ್ದಳು. ಮೂರು ಹೊತ್ತು ತಿನ್ನುತ್ತಾ, ಒಂದು ಕೆಲಸವನ್ನೂ ಮಾಡದೆ, ಗಂಟುಮೋರೆ ಹಾಕಿಕೊಂಡು ನಿಂತಿರುತ್ತಿದ್ದ ಜೀಬ್ರಾಗೆ ಓಣಿಯ ಹೆಂಗಸರು ಮನೆಅಳಿಯ ಎಂದು ಹೆಸರಿಟ್ಟರು. “ಅಳಿಯಂದ್ರು ಊಟ ಮಾಡಿದ್ರಾ?” ಎಂದು ಕೇಳಿಕೊಂಡೇ ನೀರಿಗೆ ಹೋಗುತ್ತಿದ್ದರು. ಅವರಲ್ಲೊಬ್ಬಳ ಮನೆಯಲ್ಲಿ ನಿಜವಾದ ಮನೆಅಳಿಯ ಇದ್ದ. ಅವನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟ.

ಒಂದು ದಿನ ಬೇಲಿ ತೆಗೆದು ನೋಡಿದರು. ಅಳಿಯ ಸಲಿಗೆಯಿಂದ ಹತ್ತಿರ ಹೋದ. ಮಹಾರಾಣಿ ಎರಡೂ ಹಿಂಗಾಲು ಎತ್ತಿ ಅವನ ಎದೆಗೆ ಕೊಟ್ಟಳು. ಆ ಸದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಅವನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ತಲೆ ತಗ್ಗಿಸಿ, ತುಂಬಾ ಮರ್ಯಾದೆಯಿಂದ ನಿಂತುಕೊಂಡ.

“ಇನ್ನು ಸಂಬಂಧ ಕೂಡತ್ತೆ,” ಅಂದಳು ದೊಡ್ಡಮ್ಮ. “ನನಗೂ ಇವರಿಗೂ ಹೀಗೇ ಕೂಡಿದ್ದು.”

ದೊಡ್ಡಪ್ಪ ಬ್ರಷ್ಷು ತೊಳೆಯುತ್ತಾ ಹೌದೆಂಬಂತೆ ತಲೆಯಾಡಿಸಿದರು. ಒಂದು ವಾರದಲ್ಲಿ ಸಂಬಂಧ ಕೂಡಿತು.

ಮಹಾರಾಣಿ ಬಸುರಾದದ್ದು ಖಚಿತವಾದ ದಿನವೇ ಮಾವ ನನ್ನ ಮುದ್ರಣಾಲಯಕ್ಕೆ ಓಡಿಬಂದು ಕರಪತ್ರ ಅಚ್ಚು ಹಾಕಿಸಿದ. ಹುಟ್ಟಲು ಇನ್ನೂ ಹತ್ತು ತಿಂಗಳಿತ್ತು. ‘ಬರುತ್ತಿದೆ! ಅರ್ಧ ಕುದುರೆ, ಅರ್ಧ ಜೀಬ್ರಾ, ಪೂರ್ತಿ ಆಶ್ಚರ್ಯ!’ ಅದನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ ಬಂತು. ಮಾವ ‘ಜೀದುರೆ’ ಅಂದ. ನಮ್ಮ ಅಚ್ಚುಮೊಳೆ ಜೋಡಿಸುವವರು ಅದನ್ನು ಮೊದಲು ‘ಬೀದುರೆ’ ಮಾಡಿದರು, ತಿದ್ದಿದ ಮೇಲೆ ‘ಜೀದರೆ’ ಮಾಡಿದರು. ಮೂರನೆಯ ಕರಡಿನಲ್ಲಿ ಸರಿಯಾಯಿತು. ಸರಿಯಾದ ಮೇಲೂ ಅದು ತಪ್ಪಿನಂತೆಯೇ ಕಾಣುತ್ತಿತ್ತು. ಪಾರ್ಕಿನ ಗೇಟಿಗೆ ಹಾಕಲು ದೊಡ್ಡಪ್ಪ ಒಂದು ದೊಡ್ಡ ಬೋರ್ಡು ಬರೆದರು. ಅದರಲ್ಲಿನ ಮರಿ ಹಾಲಿನಷ್ಟು ಬಿಳಿ. ಪಟ್ಟೆಗಳನ್ನು ಅವರು ಸ್ಕೇಲು ಇಟ್ಟು ಎಳೆದಿದ್ದರು.

ಬಸುರು ನಿಂತು ಹನ್ನೊಂದೂವರೆ ತಿಂಗಳಾದ ಮೇಲೆ ಒಂದು ಸೋಮವಾರ ಮಟಮಟ ಮಧ್ಯಾಹ್ನ, ದೊಡ್ಡಮ್ಮ ಯಾರದೋ ಕುದುರೆಗೆ ಮೂರನೇ ಲಾಳದ ಮೊಳೆ ಹೊಡೆಯುತ್ತಿದ್ದಾಗ, ಮಹಾರಾಣಿ ಹುಲ್ಲಿನ ಮೇಲೆ ಮಲಗಿದಳು. ನಾನು ಊಟಕ್ಕೆ ಮನೆಗೆ ಬಂದಿದ್ದೆ, ಹಾಗಾಗಿ ನೋಡಿದೆ. ಇಪ್ಪತ್ತು ನಿಮಿಷದಲ್ಲಿ ಮರಿ ಹೊರಗಿತ್ತು. ಡಾಕ್ಟರು ಬರುವಷ್ಟರಲ್ಲಿ ಎದ್ದು ನಿಂತೂ ಆಗಿತ್ತು.

ಬಿಳಿ ಇರಲಿಲ್ಲ. ಹಳೇ ಕಂಬಳಿಯಂಥ ಕಂದು ಬಣ್ಣ. ಕತ್ತೆಯಷ್ಟು ಉದ್ದ ಕಿವಿ. ನಾಲ್ಕು ಕಾಲಿಗೂ ಪಟ್ಟೆಯ ಕಾಲುಚೀಲ ಹಾಕಿದಂತೆ ಗೆರೆ. ಮುಖದ ಮೇಲೆ ಬೆರಳಿನ ಗುರುತಿನಂಥ ಸಣ್ಣ ಸಣ್ಣ ಗೀರು. ಹೊಟ್ಟೆ ಬೋಳು. ಹಿಂಭಾಗದಲ್ಲಿ ಮಾತ್ರ ಯಾರೋ ಪೆನ್ನು ಬರೆಯುತ್ತದೋ ಇಲ್ಲವೋ ಎಂದು ನೋಡಲು ಗೀಚಿದಂತೆ ಅಂಕುಡೊಂಕು ಗೆರೆಗಳು.

ಮಾವನ ಮುಖ ಇಳಿಯಿತು. “ಇದೇನಕ್ಕಾ, ಪ್ರಿಂಟಿಂಗ್ ಮಿಸ್ಟೇಕು!” ಎಂದು ನನ್ನ ಕಡೆ ನೋಡಿದ, ನಾನೇ ಕರಡು ಸರಿಯಾಗಿ ನೋಡಿಲ್ಲವೇನೋ ಎಂಬಂತೆ.

ದೊಡ್ಡಮ್ಮ ಅವನಿಗೆ ಸೊಪ್ಪು ಹಾಕಲಿಲ್ಲ. ಸುತ್ತಿಗೆ ಕೆಳಗಿಟ್ಟು ಮಂಡಿಯೂರಿ ಕೂತು, ಮರಿಯ ಒಂದೊಂದೇ ಕಾಲನ್ನು ಕೈಗೆ ತೆಗೆದುಕೊಂಡು ಗೊರಸು ನೋಡಿದಳು. ಹುಟ್ಟಿದ ಮರಿಯ ಗೊರಸು ಅಣಬೆಯ ಹಾಗೆ ಮೆತ್ತಗಿರುತ್ತದೆ. ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ಎಷ್ಟೋ ಹೊತ್ತು ಕೂತಳು. ಅವಳ ಭುಜ ಅಲುಗುತ್ತಿರುವುದು ನೋಡಿ ನಾನು ಹತ್ತಿರ ಹೋದೆ. ಅಳುತ್ತಿದ್ದಳು. ಐವತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ನಮ್ಮಮ್ಮನೂ ನೋಡಿರಲಿಲ್ಲ.

“ಏನಾಯ್ತು ದೊಡ್ಡಮ್ಮ?”

“ಏನಿಲ್ಲ ಹೋಗೇ. ಕಣ್ಣಿಗೆ ಹೊಗೆ ಬಡೀತು.” ಕುಲುಮೆ ಅಂಗಳದ ಆ ತುದಿಯಲ್ಲಿತ್ತು. ಆಮೇಲೆ ಮೂಗು ಒರೆಸಿಕೊಂಡು ಎದ್ದು, “ಯಾರೋ ಗೀಚಿ ಬಿಸಾಕಿದ ಹಾಗಿದೆ ನೋಡು. ಗೀಚು ಅನ್ನೋಣ,” ಅಂದಳು. ಮೂರು ಕರಡು ತಿದ್ದಿದ ಹೆಸರು ಅಲ್ಲೇ ಮಣ್ಣು ಮುಕ್ಕಿತು.

ಹೆಣ್ಣು ಮರಿ. ಮೊದಲ ವರ್ಷ ಜನ ಮುಗಿಬಿದ್ದು ನೋಡಿದರು. ಗೀಚು ಜನರನ್ನು ನೋಡಿದ ಬಗೆ ಬೇರೆ. ಪಶುವೈದ್ಯೆ ಹೇಳಿದ್ದು ನಿಜವಾಯಿತು: ಸ್ವಭಾವ ಅಪ್ಪನದೇ. ಜೊತೆಗೆ ಅಮ್ಮನ ಜಂಭವೂ ಬಂದಿತ್ತು, ಅದನ್ನು ಡಾಕ್ಟರು ಹೇಳಿರಲಿಲ್ಲ. ಬೆನ್ನ ಮೇಲೆ ಒಂದು ಟವೆಲ್ಲು ಹಾಕಿದರೂ ಅದು ಹರಿದು ನೆಲದ ಮೇಲೆ ಬೀಳುವವರೆಗೆ ಕುಣಿಯುತ್ತಿತ್ತು. ಬಾಗಿಲ ಚಿಲಕವನ್ನು ತುಟಿಯಿಂದ ತೆಗೆಯಲು ಕಲಿಯಿತು. ತಾನು ಹೊರಗೆ ಬಂದ ಮೇಲೆ ಉಳಿದವರ ಚಿಲಕವನ್ನೂ ತೆಗೆದುಬಿಡುತ್ತಿತ್ತು. ಎರಡು ಸಲ ಇಡೀ ಲಾಯವೇ ಬೀದಿಗೆ ಬಂದು ಬಸ್ಸುಗಳು ನಿಂತವು.

ಬಸ್ಸು ನಿಂತದ್ದರಿಂದ ಸರ್ಕಾರಿ ಕಚೇರಿಯಿಂದ ಒಬ್ಬರು ಸಾಹೇಬರು ಕಾಗದ ಹಿಡಿದು ಬಂದರು. ಅವರ ನಮೂನೆಯಲ್ಲಿ ಕುದುರೆ, ಕತ್ತೆ, ಹೇಸರಗತ್ತೆ ಎಂದು ಮೂರೇ ಮನೆಗಳಿದ್ದವು. ಕಾಡುಪ್ರಾಣಿಯಾದರೆ ಬೇರೆ ನಮೂನೆ, ಬೇರೆ ಕಚೇರಿ, ಬೇರೆ ಸಾಹೇಬರು.

“ನೋಡಮ್ಮ, ನನಗೆ ಒಂದೇ ಮಾತು ಹೇಳಿ. ಇದು ಸಾಕುಪ್ರಾಣಿನೋ ಕಾಡುಪ್ರಾಣಿನೋ?”

“ಬೆಳಗ್ಗೆ ಸಾಕು. ಮಧ್ಯಾಹ್ನದ ಮೇಲೆ ಕಾಡು.”

“ತಮಾಷೆ ಬೇಡ. ನಾನು ಏನಾದ್ರೂ ಬರೀಲೇಬೇಕು.”

“ಹಾಗಾದ್ರೆ ಅದನ್ನೇ ಕೇಳಿ,” ಎಂದು ದೊಡ್ಡಮ್ಮ ಪಕ್ಕಕ್ಕೆ ಸರಿದಳು. ಸಾಹೇಬರು ನಮೂನೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಗೀಚು ಕತ್ತು ಚಾಚಿ, ನಮೂನೆಯನ್ನು ಅವರ ಕೈಯಿಂದ ನಯವಾಗಿ ತೆಗೆದುಕೊಂಡು, ಮೂರೂ ಮನೆಗಳ ಸಮೇತ ತಿಂದುಹಾಕಿತು. ಅವರು ಇನ್ನೊಂದು ತರುತ್ತೇನೆಂದು ಹೋದವರು ಮತ್ತೆ ಬರಲಿಲ್ಲ.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಗೀಚುವಿನ ಕಣ್ಣ ಸುತ್ತ ಬೆಳ್ಳಗಾಯಿತು. ಆಮೇಲೆ ಕತ್ತು. ಕಂದು ಬಣ್ಣ ಬೂದಿಯಾಯಿತು, ಬೂದಿಯ ಜೊತೆ ಪಟ್ಟೆಯೂ ಒಗೆದ ಬಟ್ಟೆಯ ಅಂಚಿನಂತೆ ಮಾಸತೊಡಗಿತು. ಡಾಕ್ಟರು ನೋಡಿದರು, ಏನೂ ಹೇಳಲಿಲ್ಲ. ‘ನಾನು ಹೇಳಿರಲಿಲ್ಲವಾ’ ಎನ್ನದೆ ಸುಮ್ಮನಿರಬಲ್ಲವರು ಲೋಕದಲ್ಲಿ ಕಡಿಮೆ. ದೊಡ್ಡಮ್ಮ ಅವತ್ತಿನಿಂದ ಅವರನ್ನು ಮಗಳೇ ಎಂದು ಕರೆದಳು.

ಮಾವ ಮಾತ್ರ ಕಂಗಾಲಾದ. ಪಾರ್ಕಿನ ಹೊಸ ಗೇಟಿನ ಉದ್ಘಾಟನೆ ಹತ್ತಿರ ಬಂದಿತ್ತು. ಪಟ್ಟೆ ಕುದುರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಹುದೆಂದು ನಗರಸಭೆಯ ಅಧ್ಯಕ್ಷರಿಗೆ ಅವನು ಆಗಲೇ ಮಾತು ಕೊಟ್ಟುಬಿಟ್ಟಿದ್ದ. ಅಕ್ಕನಿಗೆ ಹೇಳಲು ಧೈರ್ಯ ಸಾಲದೆ ದೊಡ್ಡಪ್ಪನ ಹತ್ತಿರ ಹೋದ. “ಭಾವ, ನೀವು ಮನಸ್ಸು ಮಾಡಿದ್ರೆ ಅರ್ಧ ಗಂಟೆ ಕೆಲಸ. ಇರೋ ಗೆರೆ ಮೇಲೇನೇ ಸ್ವಲ್ಪ ಕಪ್ಪು ಎಳೆದ್ರಾಯ್ತು.”

ಯಾರಿಗೂ ಇಲ್ಲವೆನ್ನದ ದೊಡ್ಡಪ್ಪ ಬಣ್ಣದ ಡಬ್ಬಿ ಹಿಡಿದು ಲಾಯಕ್ಕೆ ಹೋದರು. ಆಶ್ಚರ್ಯವೆಂದರೆ ಗೀಚು ಅವರಿಗೆ ಅಲುಗದೆ ನಿಂತಿತು. ಬ್ರಷ್ಷು ಅದ್ದಿದರು, ಎತ್ತಿದರು, ಹಾಗೇ ಇಳಿಸಿ ವಾಪಸು ಬಂದರು. “ಬೋರ್ಡಿಗೆ ಬರೆದ್ರೆ ಬೋರ್ಡು ಏನೂ ಅನ್ನಲ್ಲ ಕಣಯ್ಯ. ಇದು ತಿರುಗಿ ನೋಡ್ತು,” ಅಂದರು. ಅಷ್ಟೇ. ಹೆಂಡತಿಗೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ಬಹಳ ದಿನ ಕೊರಗಿದರು.

ಮಾವ ಉದ್ಘಾಟನೆಯ ದಿನ ಬೆಳಗ್ಗೆ, ದೊಡ್ಡಮ್ಮ ಬೇರೆ ಕಡೆ ಲಾಳ ಕಟ್ಟಲು ಹೋಗಿದ್ದಾಗ, ಡಾಕ್ಟರ ಅಲಮಾರಿಯಿಂದ ಎಗರಿಸಿದ್ದ ಮಂಪರಿನ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ಗೀಚುವಿಗೆ ತಿನ್ನಿಸಿ, ಆರು ಪೊಟ್ಟಣ ತಲೆಗೂದಲ ಬಣ್ಣ ಕಲಸಿ, ಬಾಚಣಿಗೆಯಿಂದ ಪಟ್ಟೆ ಹಾಕಿದ. ಒಣಗಲು ಹೊತ್ತಿರಲಿಲ್ಲ. ತೂಕಡಿಸುತ್ತಿದ್ದ ಪ್ರಾಣಿಯನ್ನು ಹಾಗೇ ಪಾರ್ಕಿಗೆ ನಡೆಸಿಕೊಂಡು ಹೋದ.

ಅಧ್ಯಕ್ಷರು ಬೆಳ್ಳಗಿನ ಪ್ಯಾಂಟು, ಬೆಳ್ಳಗಿನ ಅಂಗಿ ತೊಟ್ಟು ಬಂದಿದ್ದರು. ಫೋಟೋದವನು “ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ,” ಅನ್ನುತ್ತಾ ಹೋದ. ಅಧ್ಯಕ್ಷರು ಗೀಚುವಿನ ಹೆಗಲಿಗೆ ಕೈ ಹಾಕಿ, ಮೈಗೆ ಮೈ ತಾಗಿಸಿ, ಹಲ್ಲು ಕಿರಿದು ನಿಂತರು. ಬಿಸಿಲು ಜೋರಾಗಿತ್ತು. ಗೀಚು ಬೆವರಿತು. ಫೋಟೋ ಮುಗಿದು ಅಧ್ಯಕ್ಷರು ಭಾಷಣಕ್ಕೆಂದು ಜನರ ಕಡೆ ತಿರುಗಿದಾಗ ಭುಜದಿಂದ ಮಂಡಿಯವರೆಗೆ ಅವರ ಮೈಮೇಲೆ ಏಳು ಪಟ್ಟೆಗಳಿದ್ದವು. ಮೊದಲು ಒಬ್ಬ ಮುದುಕ ನಕ್ಕ. ಹಿಂದಿನಿಂದ ಯಾರೋ, “ಇವರಿಗೂ ಹುಲ್ಲು ಹಾಕ್ರೋ!” ಎಂದು ಕೂಗಿದರು. ಆಮೇಲೆ ಯಾರು ಯಾರನ್ನು ಹಿಡಿಯುವುದು! ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಗಲಾಟೆಗೆ ಗೀಚುವಿಗೆ ಮಂಪರು ಇಳಿಯಿತು. ಅದು ಎಚ್ಚರವಾಗಿ ಮೊದಲು ಮಾಡಿದ ಕೆಲಸ ರಿಬ್ಬನ್ ಕಟ್ಟಿದ್ದ ಹೊಸ ಗೇಟನ್ನು ಒದ್ದದ್ದು. ಹೀಗೆ ಉದ್ಘಾಟನೆಯೂ ಆಯಿತು.

ಸುದ್ದಿ ತಿಳಿದು ದೊಡ್ಡಮ್ಮ ಬರುವಷ್ಟರಲ್ಲಿ ಪಾರ್ಕು ಖಾಲಿಯಾಗಿತ್ತು. ಗೀಚು ಕೊಳದ ಪಕ್ಕ ನಡುಗುತ್ತಾ ನಿಂತಿತ್ತು, ಕಣ್ಣಿನ ಮೂಲೆಯಲ್ಲಿ ಕಪ್ಪು ನೀರು. ಚರ್ಮ ಅಲ್ಲಲ್ಲಿ ಕೆಂಪಗೆ ಊದಿಕೊಂಡಿತ್ತು. ದೊಡ್ಡಮ್ಮ ಅಲ್ಲೇ ಕೊಳದ ನೀರಿನಲ್ಲಿ ತನ್ನ ಸೀರೆಯ ಸೆರಗು ಅದ್ದಿ ಅದ್ದಿ ಗೀಚುವಿನ ಕಣ್ಣು ತೊಳೆದಳು. ಮಾವ ಹತ್ತಿರ ಬಂದು “ಅಕ್ಕಾ, ನಾನು...” ಅಂದ.

“ನನ್ನನ್ನ ಅಕ್ಕ ಅನ್ಬೇಡ. ಅದು ಕಚ್ಚತ್ತೆ ಅಂತ ಗೊತ್ತಿದ್ದೂ ಮತ್ತು ಬರಿಸಿದೆಯಲ್ಲೋ. ಕಚ್ಚೋದೊಂದೇ ಅದಕ್ಕೆ ಬರೋ ಮಾತು. ಆ ಮಾತೂ ಆಡದ ಹಾಗೆ ಮಾಡಿದೆಯಲ್ಲ.”

ನಗರಸಭೆಯವರು ಮರುದಿನವೇ ತಟ್ಟುಗಳು ಪಾರ್ಕಿಗೆ ಕಾಲಿಡಬಾರದೆಂದು ಕಾಗದ ಕಳಿಸಿದರು. ದೊಡ್ಡಮ್ಮ ಅಧ್ಯಕ್ಷರ ಮನೆಗೆ ಹೋಗಿ, ತಮ್ಮನ ಹೆಸರೆತ್ತದೆ, “ನಮ್ಮನೆಯಿಂದ ತಪ್ಪಾಯ್ತು,” ಎಂದು ಹೇಳಿ ಬಂದಳು. ಅವರ ಕಾಲು ನೋಡಿಕೊಂಡೂ ಬಂದಿದ್ದಳು. “ಚಪ್ಪಟೆ ಪಾದ. ಅಂಥೋರಿಗೆ ಕ್ಷಮಿಸೋಕೆ ಟೈಮ್ ಹಿಡಿಯತ್ತೆ,” ಅಂದಳು. ಏಳು ತಟ್ಟುಗಳನ್ನು ಬೇರೆ ಬೇರೆ ಊರಿನ ಒಳ್ಳೆಯ ಲಾಯಗಳಿಗೆ ಕೊಟ್ಟಳು. ಮಹಾರಾಣಿಯನ್ನೂ ಮೂರು ಮುದಿ ತಟ್ಟುಗಳನ್ನೂ ಉಳಿಸಿಕೊಂಡಳು. ಅಳಿಯ ಆ ವರ್ಷ ಚಳಿಗಾಲದಲ್ಲಿ, ಮಹಾರಾಣಿಯ ಪಕ್ಕದಲ್ಲೇ ಮಲಗಿದವನು ಏಳಲಿಲ್ಲ. ಡಾಕ್ಟರ ಪ್ರಕಾರ ಇಪ್ಪತ್ತೆಂಟು ವಯಸ್ಸಾಗಿತ್ತು, ಮುದುಕನೇ. ಮಹಾರಾಣಿ ನಾಲ್ಕು ದಿನ ಅವನು ಮಲಗಿದ್ದ ಜಾಗಕ್ಕೆ ಯಾರನ್ನೂ ಬಿಡಲಿಲ್ಲ.

ಪಾರ್ಕಿಲ್ಲದ ಮೇಲೆ ಲಾಳವೊಂದೇ ದಾರಿ. ಊರಿನಲ್ಲಿ ಕುದುರೆ ಕಡಿಮೆಯಾಗುತ್ತಿದ್ದವು, ಹೊರಗಿನ ಹಳ್ಳಿ ತೋಟಗಳಿಗೆ ತಾನೇ ಹೋಗಬೇಕು. ಕುಲುಮೆ, ಗಾಳಿಯೂದುವ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು ಎಲ್ಲ ಒಂದು ಗಾಡಿಗೆ ಹೇರಿ, ಗೀಚುವನ್ನು ಅದಕ್ಕೆ ಹೂಡಲು ದೊಡ್ಡಮ್ಮ ನಿರ್ಧರಿಸಿದಳು. ಮೂರು ತಿಂಗಳು ಸೋತಳು. ಗಾಡಿಯಲ್ಲಿ ಕೂತು ಲಗಾಮು ಎಳೆದರೆ ಗೀಚು ಹಿಂದಕ್ಕೇ ನಡೆಯುತ್ತಿತ್ತು. ಒಮ್ಮೆ ಹಾಗೇ ಹಿಂದಕ್ಕೆ ನಡೆದು ಇಡೀ ಕುಲುಮೆಯನ್ನು ಕ್ಷೌರದಂಗಡಿಯೊಳಗೆ ಇಳಿಸಿತು. ಒಂದು ದಿನ ಬೇಸತ್ತು ಗಾಡಿಯಿಂದ ಇಳಿದು, “ಹಾಳಾಗಿ ಹೋಗು,” ಎಂದು ಮನೆ ಕಡೆ ನಡೆದಳು. ಹಿಂದಿನಿಂದ ಗಾಡಿಯ ಸದ್ದು. ತಿರುಗಿ ನೋಡಿದರೆ ಗೀಚು ಅಡಿಗಲ್ಲು ಎಳೆದುಕೊಂಡು ಅವಳ ಪಕ್ಕಕ್ಕೇ ಬಂದು ನಿಂತಿತ್ತು. ಓಡಿಸಿಕೊಳ್ಳಲು ಒಪ್ಪದಿದ್ದದ್ದು ಜೊತೆಗೆ ನಡೆಯಲು ತಯಾರಿತ್ತು.

ಅಲ್ಲಿಂದ ಹದಿನೈದು ವರ್ಷ ದೊಡ್ಡಮ್ಮ ಗಾಡಿಯಲ್ಲಿ ಕೂರಲೇ ಇಲ್ಲ. ದಿನಕ್ಕೆ ಎಂಟು ಹತ್ತು ಮೈಲಿ ಗೀಚುವಿನ ಪಕ್ಕ ನಡೆದಳು, ಮಾತಾಡುತ್ತಾ. ಏನು ಮಾತಾಡುತ್ತೀಯ ಎಂದರೆ, “ನಿಮ್ಮೆಲ್ಲರ ವಿಷಯಾನೇ,” ಅನ್ನುತ್ತಿದ್ದಳು. ಗೀಚುವಿಗೆ ಕೊನೆಯವರೆಗೂ ಲಾಳ ಬೇಕಾಗಲಿಲ್ಲ. ಕಲ್ಲುದಾರಿಯಲ್ಲಿ ನಡೆದ ಅದರ ಗೊರಸನ್ನು ಅವಳು ತೋಟದ ಒಡೆಯರಿಗೆ ಎತ್ತಿ ತೋರಿಸುತ್ತಿದ್ದಳು, ತನ್ನ ಕಸುಬಿಗೇ ನಷ್ಟವಾಗುವ ಆ ಜಾಹೀರಾತನ್ನು ಅಷ್ಟು ಹೆಮ್ಮೆಯಿಂದ ಮಾಡಿದವರು ಯಾರೂ ಇಲ್ಲ. ಮಾವ ಎರಡು ವರ್ಷ ಊರು ಬಿಟ್ಟಿದ್ದು ಬಂದ. ಬಾಗಿಲಲ್ಲಿ ನಿಂತವನ ಪಾದವನ್ನು ದೊಡ್ಡಮ್ಮ ತುಂಬಾ ಹೊತ್ತು ನೋಡಿದಳು. “ಚಪ್ಪಲಿ ತೂತಾಗಿದೆ. ಒಳಗೆ ಬಾ,” ಅಂದಳು. ಗೀಚು ಅವನನ್ನು ಕ್ಷಮಿಸಲಿಲ್ಲ. ಅದು ಅಂಗಳದಲ್ಲಿದ್ದಾಗ ಅವನು ಕಿಟಕಿಯಿಂದ ಮನೆಯೊಳಗೆ ಬರಬೇಕಾಗುತ್ತಿತ್ತು.

ಎಪ್ಪತ್ತೈದಕ್ಕೆ ದೊಡ್ಡಮ್ಮ ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಅರವತ್ತು ವರ್ಷ ಕುದುರೆಗಳ ಹಿಂಗಾಲ ಸಂದಿಯಲ್ಲಿ ಬದುಕಿದವಳಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಮಂಚದ ಪಕ್ಕ ಬಂದು, “ಹೇಗೆ ಬಿದ್ರಿ ಅಜ್ಜಿ?” ಎಂದು ಕೇಳಿದರು.

ದೊಡ್ಡಮ್ಮ ನನ್ನ ಕಡೆ ನೋಡಿದಳು. ಬಾಯಿ ಬಿಟ್ಟೀಯ ಜೋಕೆ ಎಂಬ ನೋಟ.

“ಜೀಬ್ರಾ ಒದೀತು.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಏನು ಒದೀತು ಅಂದ್ರಿ?”

“ಜೀಬ್ರಾ. ಪೂರ್ತಿ ಜೀಬ್ರಾ ಅಲ್ಲ, ಅರ್ಧ. ಅವಳ ತಾಯಿ ನಮ್ಮನೆಯವಳೇ.”

ಅವರು ತುಂಬಾ ಮೃದುವಾಗಿ “ಆಯ್ತಜ್ಜಿ, ಆಯ್ತು,” ಎಂದು ಅವಳ ಕೈ ತಟ್ಟಿ, ಹೊರಗೆ ಬಂದು, ಸೊಂಟದ ಎಕ್ಸ್‌ರೇ ಜೊತೆಗೆ ತಲೆಯದೂ ಒಂದು ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ತಳ್ಳುಮಂಚದ ಮೇಲೆ ಸ್ಕ್ಯಾನಿನ ಕೋಣೆಗೆ ಹೋಗುವಾಗ ದೊಡ್ಡಮ್ಮ ತಲೆ ಎತ್ತಿ, ಮುಂದಿನಿಂದ ಎಳೆಯುತ್ತಿದ್ದವನ ಪಾದ ನೋಡಿ, ಬಲಗಾಲಿನ ಬಗ್ಗೆ ಅವನಿಗೆ ಏನೋ ಹೇಳತೊಡಗಿದ್ದಳು.